ಸಹಾಯ ಬೇಕು: ಅಮ್ಮನ ಹಳೇ ಪಿಎಫ್ ಸರ್ವಿಸ್ ಪೆನ್ಷನ್‌ಗೆ ಸೇರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಇನ್ನು ಕೆಲವೇ ತಿಂಗಳಲ್ಲಿ 58 ತುಂಬುತ್ತೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್. 2015ರಿಂದ ಈಗಿನ ಫ್ಯಾಕ್ಟರಿ, ಅದಕ್ಕೆ ಮುಂಚೆ 9 ವರ್ಷ ಪೀಣ್ಯದ ಇನ್ನೊಂದರಲ್ಲಿ. ಅದು ಬಾಗಿಲು ಹಾಕಿದೆ. ಯುಎಎನ್ (ಎಲ್ಲ ಕೆಲಸಗಳ ಪಿಎಫ್‌ಗೂ ಒಂದೇ ನಂಬರ್) ಬರೋ ಮೊದಲಿನ ಕೆಲಸ, ಹಾಗಾಗಿ ಆ ಪಿಎಫ್ ನಂಬರ್ ಇವರ ಖಾತೆಗೆ ಸೇರಿಲ್ಲ. ಆ ದುಡ್ಡು ತೆಗೆದಿಲ್ಲ, ಪೆನ್ಷನ್ ಪಾಲು ವಾಪಸ್ ತೆಗೆಯೋ ಫಾರ್ಮ್ 10ಸಿ ಕೂಡ ಹಾಕಿಲ್ಲ.

ಇಪಿಎಸ್ (ಪಿಎಫ್ ಜೊತೆಗಿನ ಪೆನ್ಷನ್ ಯೋಜನೆ) ಲೆಕ್ಕ ನಿಮಗೆ ಗೊತ್ತೇ ಇದೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 13,000 ಬೇಸಿಕ್, 11 ವರ್ಷ ಅಂದರೆ ತಿಂಗಳಿಗೆ ಸುಮಾರು 2,040 ರೂಪಾಯಿ. ಹಳೆಯದು ಸೇರಿದರೆ, 2014ರ ಸೆಪ್ಟೆಂಬರ್‌ಗೆ ಮುಂಚಿನ ಸರ್ವಿಸ್‌ಗೆ ಲೆಕ್ಕಕ್ಕೆ ಹಿಡಿಯೋ ಸಂಬಳಕ್ಕೆ 6,500ರ ಮಿತಿ ಇದ್ದರೂ, 20 ವರ್ಷ ತುಂಬಿ ಇನ್ನೆರಡು ವರ್ಷದ ಸರ್ವಿಸ್ ಹೆಚ್ಚುವರಿ ಸಿಗುತ್ತೆ. ಪೆನ್ಷನ್ ಹೆಚ್ಚಾಗೋದು ಬರೀ ಸಾವಿರ ಚಿಲ್ಲರೆ ಅನ್ನಬೇಡಿ, ಅವರ ಬಿಪಿ, ಶುಗರ್ ಮಾತ್ರೆಯ ಖರ್ಚು ಅದರಲ್ಲೇ ಕಳೆಯುತ್ತೆ.

ಕೈಯಲ್ಲಿರೋದು ಒಂದು ಸಂಬಳದ ಚೀಟಿ, ಹಳೇ ಇಎಸ್‌ಐ ಕಾರ್ಡು. ಚೀಟಿಯಲ್ಲಿ ಇಂಕು ಮಾಸಿ ಪಿಎಫ್ ನಂಬರಿನ ಕೊನೆಯ ಅಂಕಿ 3ಓ 8ಓ ಗೊತ್ತಾಗ್ತಿಲ್ಲ. ಹೆಸರಿನ ಮುಂದೆ ಅಲ್ಲಿ ತಾತನ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು.

ಮುಚ್ಚಿದ ಫ್ಯಾಕ್ಟರಿಯ ಸರ್ವಿಸ್ ಸೇರಿಸಿಕೊಂಡವರು ಯಾರಾದರೂ ಇದ್ದೀರಾ? ಜಾಯಿಂಟ್ ಡಿಕ್ಲರೇಷನ್‌ಗೆ (ದಾಖಲೆ ತಿದ್ದಿಸೋಕೆ ನೌಕರರು, ಮಾಲೀಕರು ಸೇರಿ ಕೊಡೋ ಅರ್ಜಿ) ಸಹಿ ಹಾಕೋಕೆ ಮಾಲೀಕರೇ ಇಲ್ಲದಾಗ ಯಾರ ಹತ್ತಿರ ಅಟೆಸ್ಟ್ ಮಾಡಿಸಿದಿರಿ? ಸರಿಯಾದ ನಂಬರ್ ಹುಡುಕಿಸಿದ್ದು ಹೇಗೆ? ಪೆನ್ಷನ್‌ಗೆ ಫಾರ್ಮ್ 10ಡಿ ಹಾಕೋ ಮುಂಚೆಯೇ ಇದೆಲ್ಲ ಸರಿಹೋಗಬೇಕು. ತಿಳಿದವರು ದಯವಿಟ್ಟು ಹೇಳಿ, ಎಷ್ಟು ಓಡಾಟವಾದರೂ ಮಾಡ್ತೀನಿ.