‘ಹುಳ’ದೊಳಗೆ ಹಾವು, ಕಪ್ಪೆ ಸೇರುತ್ತವೆಯೇ?

ಗೆಳೆಯರೆ,

ಜಪಾನಿನ ಕಲಾವಿದ ಕಿತಗಾವ ಉತಮಾರೊ 1788ರಲ್ಲಿ ಹೊರತಂದ ‘ಎಹೊನ್ ಮುಶಿ ಎರಾಮಿ’ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರಿನಲ್ಲಿರುವ ‘ಮುಶಿ’ ಎಂದರೆ ಕೀಟ ಮೊದಲಾದ ಸಣ್ಣ ಜೀವಿಗಳು; ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಬರವಣಿಗೆ ನಿಂತಿದೆ.

ಮರದ ಹಲಗೆ ಕೆತ್ತಿ ಬಣ್ಣದಲ್ಲಿ ಅಚ್ಚೊತ್ತಿದ 15 ಚಿತ್ರಗಳ ಪುಸ್ತಕ ಅದು. ಒಂದೊಂದರಲ್ಲೂ ಎರಡು ಜೀವಿ, ಸುತ್ತ ಗಿಡ, ಹೂವು. ಜೊತೆಗೆ ಎರಡು ಕ್ಯೋಕಾ, ಅಂದರೆ ಚಾಟು ಧಾಟಿಯ ಕಿರುಪದ್ಯ. ಪದ್ಯಗಳೆಲ್ಲ ಪ್ರೇಮದವು. ಮುಶಿಯ ನೆಪದಲ್ಲಿ ಪ್ರೇಮಿಯ ಪಾಡು ಹೇಳುತ್ತವೆ.

‘ಕೀಟ’ ಸಾಲದು. ಚಿಟ್ಟೆ, ಮಿಡತೆ, ಏರೋಪ್ಲೇನ್ ಚಿಟ್ಟೆಗಳ ಸಾಲಿನಲ್ಲೇ ಎರೆಹುಳು, ಬಸವನಹುಳು ಬರುತ್ತವೆ. ಒಂದು ಪುಟದಲ್ಲಿ ಹಾವು, ಅದರ ಜೊತೆಗೆ ನಮ್ಮ ಹಾವುರಾಣಿಯನ್ನು ಹೋಲುವ ಹಲ್ಲಿ. ಇನ್ನೊಂದರಲ್ಲಿ ತಾವರೆಯೆಲೆಯ ಮೇಲೆ ಕಪ್ಪೆ. ಹಳೆಯ ಜಪಾನಿಗೆ ಇವೆಲ್ಲ ಮುಶಿಯೇ. ಹಾವು, ಕಪ್ಪೆ ಎಂದು ಬರೆಯುವ ಲಿಪಿಚಿಹ್ನೆಗಳೊಳಗೂ ಮುಶಿಯ ಚಿಹ್ನೆ ಇದೆ.

ನನ್ನ ಒಲವು ‘ಹುಳ’ದ ಕಡೆಗೆ. ಹಳ್ಳಿಗಳಲ್ಲಿ ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’ ಎನ್ನುತ್ತಾರೆ, ಹಾವಿನ ಹೆಸರೆತ್ತಲು ಅಂಜಿ. ಜೇನುಹುಳ, ಮಿಂಚುಹುಳಗಳಿಗೆ ರೆಕ್ಕೆಯಿದ್ದೂ ಅವು ಹುಳಗಳೇ. ರೂಪಕದಲ್ಲೂ ಹತ್ತಿರದ ನಂಟಿದೆ: ನಾವು ಒಬ್ಬರ ತಲೆಗೆ ಹುಳ ಬಿಡುತ್ತೇವೆ, ಜಪಾನಿಯರಿಗೆ ಸಿಟ್ಟು ಇಳಿಯದಿದ್ದರೆ ‘ಹೊಟ್ಟೆಯ ಮುಶಿ’ ಸುಮ್ಮನಾಗಿಲ್ಲವೆಂದು ಅರ್ಥ. ‘ಕ್ರಿಮಿಕೀಟ’, ‘ಹುಳಹುಪ್ಪಟೆ’ ಎರಡನ್ನೂ ಬಿಟ್ಟಿದ್ದೇನೆ. ಉತಮಾರೊ ಒಂದೊಂದು ಕಾಲು, ಒಂದೊಂದು ಮೀಸೆಯನ್ನೂ ಅಕ್ಕರೆಯಿಂದ ಬಿಡಿಸಿದವನು. ಆ ತಾತ್ಸಾರದ ಪದಗಳು ಅವನ ಪುಟಗಳಿಗೆ ಅನ್ಯಾಯ.

ಆದರೂ ಎರಡು ತೊಡಕು ಉಳಿದಿವೆ. ಕಪ್ಪೆಯನ್ನು ಹುಳದೊಳಗೆ ಸೇರಿಸುವ ಬಳಕೆ ಯಾವುದಾದರೂ ಸೀಮೆಯಲ್ಲಿ ಇದೆಯೇ? ನಾನು ಕೇಳಿಲ್ಲ. ಎರಡನೆಯದು ಇನ್ನೂ ಕಷ್ಟದ್ದು. ನಮ್ಮ ಕಾವ್ಯದಲ್ಲಿ ಪ್ರೇಮಕ್ಕೆ ಬರುವುದು ದುಂಬಿ. ಅದನ್ನು ಯಾರೂ ಹುಳ ಎನ್ನುವುದಿಲ್ಲ. ‘ಹುಳ ಬಿದ್ದ ಬದನೆಕಾಯಿ’ಯ ಹೇಸಿಗೆ ಆ ಪದಕ್ಕೆ ಅಂಟಿಕೊಂಡೇ ಇದೆ. ಹೀಗಿರುವಾಗ ‘ಆಯ್ದ ಹುಳಗಳ ಚಿತ್ರಪುಸ್ತಕ’ ಎಂಬ ಹೆಸರು ಕೇಳಿದವರಿಗೆ ಪ್ರೇಮಪದ್ಯಗಳ ಪುಸ್ತಕ ಎನಿಸೀತೇ? ಹಳಗನ್ನಡದಲ್ಲೋ ಜನಪದದಲ್ಲೋ ‘ಹುಳ’ವನ್ನು ಅಕ್ಕರೆಯಿಂದ ಬಳಸಿದ ಸಾಲು ಗೊತ್ತಿದ್ದವರು ದಯವಿಟ್ಟು ತಿಳಿಸಿ. ತುಳು, ಕೊಡವ ಬಲ್ಲವರು ಅಲ್ಲಿನ ಪದವನ್ನು ಹೇಳಿದರೂ ಉಪಕಾರ.