ಪ್ರೊಟೆಕ್ಟೆಡ್ ವರ್ಚುವಲ್ ಮೆಥಡ್ ಅನ್ನು ಮಾಕ್ ಮಾಡಿದರೆ ಪಟ್ಟಿಯ ಮೊತ್ತ ಸೊನ್ನೆ ಬರುತ್ತಿದೆ

ಕಾಟಾ_ಹುಬ್ಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಒಂದು ಸಣ್ಣ ತಂಡದಲ್ಲಿ ನಾನು ಸಿ ಶಾರ್ಪ್ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ. ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಗಳಲ್ಲಿ ಮೆಣಸಿನಕಾಯಿ ಲಾಟುಗಳನ್ನು ತೂಗಿ ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮಾಡಿಕೊಡುವ ತಂತ್ರಾಂಶ ನಮ್ಮದು. ಇದರಲ್ಲಿ ‘ಲಾಟ್‌ಪಟ್ಟಿ’ ಎಂಬ ಕ್ಲಾಸ್ ಇದೆ. ಅದರ ಪಬ್ಲಿಕ್ ಮೆಥಡ್ ‘ಪಟ್ಟಿಮಾಡು’, ಒಟ್ಟು ತೂಕದಲ್ಲಿ ಚೀಲಗಳ ತೂಕವನ್ನು ಕಳೆದು, ಉಳಿದದ್ದನ್ನು ಕ್ವಿಂಟಲ್ ದರದಿಂದ ಗುಣಿಸಿ ಮೊತ್ತವನ್ನು ಕೊಡುತ್ತದೆ. ತೂಕವನ್ನು ತರುವುದು ‘ತೂಕಓದು’ ಎಂಬ ಪ್ರೊಟೆಕ್ಟೆಡ್ (ಈ ಕ್ಲಾಸ್ ಮತ್ತು ಅದರಿಂದ ಇಳಿದ ಮರಿ ಕ್ಲಾಸ್ ಮಾತ್ರ ಕರೆಯಬಹುದಾದ), ವರ್ಚುವಲ್ (ಮರಿ ಕ್ಲಾಸ್ ಓವರ್‌ರೈಡ್ ಮಾಡಿ, ಅಂದರೆ ಬದಲಿಸಿ ಬರೆಯಬಹುದಾದ) ಮೆಥಡ್. ಅದು ಪೋರ್ಟ್ ಸಂಖ್ಯೆಯನ್ನು ತೆಗೆದುಕೊಂಡು, ಸೀರಿಯಲ್ ಪೋರ್ಟಿನ ಮೂಲಕ ಎಲೆಕ್ಟ್ರಾನಿಕ್ ಕಾಟಾದಿಂದ ತೂಕವನ್ನು ಓದುತ್ತದೆ.

ಆಫೀಸಿನಲ್ಲಿ ಕಾಟಾ ಇಲ್ಲದ ಕಾರಣ ಯೂನಿಟ್ ಟೆಸ್ಟ್‌ನಲ್ಲಿ ಈ ಒಂದು ಮೆಥಡ್ ಅನ್ನು ಮಾತ್ರ ಮಾಕ್ಯೂ ಲೈಬ್ರರಿಯಿಂದ ಮಾಕ್ ಮಾಡಬೇಕು, ಅಂದರೆ ಅದರ ಜಾಗದಲ್ಲಿ ನಾವು ಹೇಳಿದ ಮೌಲ್ಯ ಕೊಡುವ ನಕಲಿಯನ್ನು ಇಡಬೇಕು ಎಂದುಕೊಂಡೆ. ಸಾಮಾನ್ಯ ಸೆಟಪ್‌ನ ಲ್ಯಾಂಬ್ಡಾದಲ್ಲಿ ಅದನ್ನು ಕರೆದರೆ ಕಂಪೈಲರ್ ಸಿಎಸ್0122 (ಹೊರಗಿನಿಂದ ಬಳಸುವಂತಿಲ್ಲ) ದೋಷ ತೋರಿಸಿ ಒಪ್ಪಲಿಲ್ಲ. ಆದ್ದರಿಂದ ‘ಪ್ರೊಟೆಕ್ಟೆಡ್’ ವಿಸ್ತರಣೆಯನ್ನು ಬಳಸಿ, ಮೆಥಡ್‌ನ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು, ಆರ್ಗ್ಯುಮೆಂಟ್ ಜಾಗದಲ್ಲಿ ‘ಇಟ್ ಡಾಟ್ ಈಸ್‌ಎನಿ’ (ಯಾವ ಮೌಲ್ಯವಾದರೂ ಸರಿ ಎಂಬ ಗುರುತು) ಇಟ್ಟು, 415 ಕಿಲೊ ಹಿಂದಿರುಗಿಸುವಂತೆ ಬರೆದೆ. ಚೀಲಗಳು 10, ಒಂದೊಂದು ಚೀಲದ ತೂಕ 1.5 ಕಿಲೊ, ದರ ಕ್ವಿಂಟಲ್‌ಗೆ 20,000 ರೂಪಾಯಿ. ನಿವ್ವಳ 4 ಕ್ವಿಂಟಲ್‌ಗೆ 80,000 ರೂಪಾಯಿ ಬರಬೇಕು. ಬರುತ್ತಿರುವುದು ಸೊನ್ನೆ. ದೋಷದ ಸಂದೇಶವೂ ಇಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಸಪ್ತಾಪುರ_ಧಾರವಾಡ ಉತ್ತರಿಸಿದ್ದು:

ನಿಮ್ಮ ಲೆಕ್ಕದಲ್ಲಿಯೇ ಒಂದು ಸುಳಿವಿದೆ, ಸರ್. ತೂಕ ಮಾತ್ರ ಸೊನ್ನೆ ಬಂದಿದ್ದರೆ, ಅದರಲ್ಲಿ 15 ಕಿಲೊ ಚೀಲದ ತೂಕ ಕಳೆದು, ಮೊತ್ತ ಮೈನಸ್ 3,000 ಆಗಬೇಕಿತ್ತು. ಸರಿಯಾಗಿ ಸೊನ್ನೆಯೇ ಬಂದಿದೆ ಎಂದರೆ ‘ಪಟ್ಟಿಮಾಡು’ ಮೆಥಡ್‌ನ ಒಳಗಿನ ಕೋಡ್ ನಡೆದೇ ಇಲ್ಲ. ನೀವು ಬರೆದಿಲ್ಲವಾದರೂ ಆ ಪಬ್ಲಿಕ್ ಮೆಥಡ್ ಕೂಡ ವರ್ಚುವಲ್ ಆಗಿರಬೇಕು ಎಂಬುದು ನನ್ನ ಊಹೆ.

ಮಾಕ್ಯೂ ತನ್ನ ಕೆಲಸವನ್ನು ಕ್ಯಾಸಲ್ ಡೈನಾಮಿಕ್‌ಪ್ರಾಕ್ಸಿ ಎಂಬ ಲೈಬ್ರರಿಯ ನೆರವಿನಿಂದ ಮಾಡುತ್ತದೆ. ಟೆಸ್ಟ್ ಓಡುವಾಗಲೇ ಅದು ನಿಮ್ಮ ಕ್ಲಾಸಿಗೆ ಒಂದು ಮರಿ ಕ್ಲಾಸನ್ನು ಹುಟ್ಟಿಸಿ, ಓವರ್‌ರೈಡ್ ಮಾಡಲು ಸಿಗುವ ಮೆಥಡ್‌ಗಳನ್ನೆಲ್ಲ ಓವರ್‌ರೈಡ್ ಮಾಡುತ್ತದೆ. ವರ್ಚುವಲ್ ಅಲ್ಲದ ಮೆಥಡ್ ಅದರ ಕೈಗೆ ಸಿಗುವುದಿಲ್ಲ, ಪ್ರೊಟೆಕ್ಟೆಡ್ ಆದದ್ದು ಮರಿ ಕ್ಲಾಸ್ ಎಂಬ ಕಾರಣಕ್ಕೇ ಸಿಗುತ್ತದೆ. ಸೆಟಪ್ ಇಲ್ಲದ ವರ್ಚುವಲ್ ಮೆಥಡ್ ಸುಮ್ಮನೆ ಡೀಫಾಲ್ಟ್ ಮೌಲ್ಯವನ್ನು ಕೊಡುತ್ತದೆ, ಸಂಖ್ಯೆಯಾದರೆ ಸೊನ್ನೆ. ಮಾಕ್‌ನ ‘ಕಾಲ್‌ಬೇಸ್’ ಗುಣವನ್ನು ಟ್ರೂ ಮಾಡಿದರೆ, ಸೆಟಪ್ ಇಲ್ಲದ ಕಡೆ ಮೂಲ ಕೋಡ್ ನಡೆಯುತ್ತದೆ.

ಕಾಟಾ_ಹುಬ್ಬಳ್ಳಿ:

ನಿಮ್ಮ ಊಹೆ ನಿಜ. ಹಿಂದೆ ಯಾರೋ ಎರಡೂ ಮೆಥಡ್‌ಗಳನ್ನು ವರ್ಚುವಲ್ ಮಾಡಿಟ್ಟಿದ್ದಾರೆ. ಕಾಲ್‌ಬೇಸ್ ಟ್ರೂ ಮಾಡಿದೆ. ಈಗ ಸೊನ್ನೆ ಹೋಗಿ, ಕಾಮ್3 ಎಂಬ ಪೋರ್ಟ್ ಇಲ್ಲ ಎಂಬ ಎಕ್ಸೆಪ್ಶನ್ ಬರುತ್ತಿದೆ. ಅಂದರೆ ನಿಜವಾದ ‘ತೂಕಓದು’ ಕಾಟಾವನ್ನು ಹುಡುಕುತ್ತಿದೆ. ಸೆಟಪ್ ಇದ್ದರೂ ಹೀಗೇಕೆ?

ಮುದ್ರಣಕಾಶಿ_ಗದಗ ಉತ್ತರಿಸಿದ್ದು:

ಇದೇ ಹೊಂಡದಲ್ಲಿ ನಾನೂ ಒಂದು ಇಡೀ ಮಧ್ಯಾಹ್ನ ಬಿದ್ದಿದ್ದೇನೆ. ಪ್ರೊಟೆಕ್ಟೆಡ್ ಸೆಟಪ್‌ನಲ್ಲಿ ‘ಇಟ್’ ನಡೆಯುವುದಿಲ್ಲ, ‘ಇಟ್‌ಎಕ್ಸ್‌ಪ್ರ್’ ಬೇಕು. ಸಾಮಾನ್ಯ ಸೆಟಪ್‌ನಲ್ಲಿ ಲ್ಯಾಂಬ್ಡಾ ಒಂದು ಎಕ್ಸ್‌ಪ್ರೆಶನ್ ಆಗಿ ಹೋಗುವುದರಿಂದ, ‘ಈಸ್‌ಎನಿ’ ಎಂದು ಬರೆದದ್ದನ್ನು ಲೈಬ್ರರಿ ಓದಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಆರ್ಗ್ಯುಮೆಂಟ್‌ಗಳು ಬರೀ ಮೌಲ್ಯಗಳಾಗಿ ಹೋಗುತ್ತವೆ, ಪೂರ್ಣಾಂಕದ ‘ಇಟ್ ಡಾಟ್ ಈಸ್‌ಎನಿ’ ಆ ಕ್ಷಣದಲ್ಲೇ ಸೊನ್ನೆಯಾಗಿಬಿಡುತ್ತದೆ. ಹೀಗಾಗಿ ನಿಮ್ಮ ಸೆಟಪ್‌ನ ಅರ್ಥ ‘ಯಾವ ಪೋರ್ಟ್ ಆದರೂ 415’ ಎಂದಲ್ಲ, ‘ಪೋರ್ಟ್ 0 ಆದರೆ ಮಾತ್ರ 415’ ಎಂದು. ನೀವು ಕರೆದದ್ದು 3. ಹೊಂದಲಿಲ್ಲ, ಕಾಲ್‌ಬೇಸ್ ಅದನ್ನು ಮೂಲ ಕೋಡಿಗೆ ಕಳಿಸಿತು. ಎರಡು ತಪ್ಪುಗಳು ಒಂದರ ಹಿಂದೆ ಒಂದು ಅಡಗಿದ್ದವು, ಅಷ್ಟೇ.

ದುರ್ಗದಬೈಲ್_ಹಳಬ ಉತ್ತರಿಸಿದ್ದು:

ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ, ಟೆಸ್ಟ್ ಹಸಿರಾಗುತ್ತದೆ. ಆದರೂ ಸ್ಟ್ರಿಂಗ್ ಹೆಸರು ನನಗೆ ಇಷ್ಟವಾಗುವುದಿಲ್ಲ. ನಾಳೆ ಯಾರಾದರೂ ‘ತೂಕಓದು’ ಎಂಬುದನ್ನು ‘ತೂಕತರು’ ಎಂದು ಬದಲಿಸಿದರೆ ಕಂಪೈಲರ್ ಸುಮ್ಮನಿರುತ್ತದೆ, ಟೆಸ್ಟ್ ಓಡಿಸಿದಾಗಲೇ ಗೊತ್ತಾಗುವುದು. ‘ನೇಮ್‌ಆಫ್’ (ಕೋಡಿನಿಂದಲೇ ಹೆಸರು ತೆಗೆದುಕೊಡುವ ಪದ) ಬಳಸಲು ಹೋದರೆ ಮತ್ತೆ ಅದೇ ಸಿಎಸ್0122.

ಲೈಬ್ರರಿ ಓಡುವಾಗ ಹುಟ್ಟಿಸುವ ಮರಿ ಕ್ಲಾಸನ್ನು ನೀವೇ ಕೈಯಾರೆ ಬರೆಯಬಹುದಲ್ಲ! ಟೆಸ್ಟ್ ಪ್ರಾಜೆಕ್ಟಿನಲ್ಲಿ ‘ಲಾಟ್‌ಪಟ್ಟಿ’ಯಿಂದ ಇಳಿದ ಒಂದು ಕ್ಲಾಸ್, ಅದರಲ್ಲಿ ‘ತೂಕಓದು’ ಓವರ್‌ರೈಡ್ ಆಗಿ 415 ಕೊಡುತ್ತದೆ, ಮುಗಿಯಿತು. ಆರೇಳು ಸಾಲಿನ ಕೆಲಸ, ಹೆಸರು ತಪ್ಪಿದರೆ ಕಂಪೈಲರ್ ಹಿಡಿಯುತ್ತದೆ. ಎರಡು ಎಚ್ಚರಿಕೆ ಬೇಕು. ಓವರ್‌ರೈಡ್ ಮಾಡುವಾಗ ಪ್ರೊಟೆಕ್ಟೆಡ್ ಅನ್ನು ಪಬ್ಲಿಕ್ ಮಾಡಲು ಸಿ ಶಾರ್ಪ್ ಬಿಡುವುದಿಲ್ಲ. ಸಿ ಪ್ಲಸ್ ಪ್ಲಸ್ ಬಿಡುತ್ತದೆ, ಅಲ್ಲಿ ಗೂಗಲ್ ಮಾಕ್ ಬಳಸುವವರು ಮೂಲದಲ್ಲಿ ಪ್ರೊಟೆಕ್ಟೆಡ್ ಆಗಿದ್ದ ಮೆಥಡ್ ಅನ್ನೂ ಮಾಕ್ ಕ್ಲಾಸಿನ ಪಬ್ಲಿಕ್ ಭಾಗದಲ್ಲೇ ಬರೆಯುತ್ತಾರೆ. ಇನ್ನೊಂದು, ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಕೋಡ್) ಆ ವರ್ಚುವಲ್ ಮೆಥಡ್ ಅನ್ನು ಕರೆಯುವಂತಿದ್ದರೆ, ನಿಮ್ಮ ಮರಿ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ ಕೊಟ್ಟ ತೂಕ ಆ ಹೊತ್ತಿಗೆ ಇನ್ನೂ ಫೀಲ್ಡಿಗೆ ತುಂಬಿರುವುದಿಲ್ಲ, ಮತ್ತೆ ಸೊನ್ನೆ ಓದಿಕೊಳ್ಳುತ್ತದೆ.

ಆದರೆ ನನ್ನ ನಿಜವಾದ ಆಕ್ಷೇಪ ಬೇರೆ. ಮಾರುಕಟ್ಟೆಯಲ್ಲಿ ಕಾಟಾದ ಹತ್ತಿರ ನಿಂತು ತೂಗುವವರು ಬೇರೆ, ಗಾದಿಯ ಮೇಲೆ ಕುಳಿತು ಪಟ್ಟಿ ಬರೆಯುವ ಗುಮಾಸ್ತರು ಬೇರೆ. ನಿಮ್ಮ ಕ್ಲಾಸಿನಲ್ಲಿ ಗುಮಾಸ್ತರೇ ಎದ್ದು ಹೋಗಿ ಚೀಲ ತೂಗುತ್ತಿದ್ದಾರೆ. ‘ಕಾಟಾ’ ಎಂಬ ಇಂಟರ್‌ಫೇಸ್ (ಯಾವ ಮೆಥಡ್‌ಗಳಿರಬೇಕು ಎಂಬ ಒಪ್ಪಂದ) ಮಾಡಿ, ಅದನ್ನು ಲಾಟ್‌ಪಟ್ಟಿಯ ಕನ್‌ಸ್ಟ್ರಕ್ಟರ್‌ಗೆ ಕೊಡಿ. ಆಗ ಪ್ರೊಟೆಕ್ಟೆಡ್, ಕಾಲ್‌ಬೇಸ್, ಇಟ್‌ಎಕ್ಸ್‌ಪ್ರ್ ಯಾವುದರ ಗೊಡವೆಯೂ ಇರುವುದಿಲ್ಲ.

ಮುದ್ರಣಕಾಶಿ_ಗದಗ:

ಸ್ವಂತ ಕ್ಲಾಸಿಗೆ ಇದನ್ನು ಪೂರ್ತಿ ಒಪ್ಪುತ್ತೇನೆ, ಹಿರಿಯರೇ. ಆದರೆ ಕ್ಲಾಸ್ ನಮ್ಮದಲ್ಲದಿದ್ದಾಗ ಏನು ಮಾಡುವುದು? ಡಾಟ್‌ನೆಟ್‌ನಲ್ಲಿ ವೆಬ್ ವಿನಂತಿ ಕಳಿಸುವ ‘ಎಚ್‌ಟಿಟಿಪಿ‌ಮೆಸೇಜ್‌ಹ್ಯಾಂಡ್ಲರ್’ನಲ್ಲಿ ‘ಸೆಂಡ್‌ಅಸಿಂಕ್’ ಪ್ರೊಟೆಕ್ಟೆಡ್ ಆಗಿಯೇ ಇದೆ. ಅದನ್ನು ನಾವು ತಿದ್ದುವಂತಿಲ್ಲ. ಅಲ್ಲಿ ಸ್ಟ್ರಿಂಗ್ ಸೆಟಪ್ ಆಗಲಿ ಕೈಬರಹದ ಮರಿ ಕ್ಲಾಸ್ ಆಗಲಿ ಅನಿವಾರ್ಯ. ಆ ಹೆಸರನ್ನು ಯಾರೂ ದಿನಬೆಳಗಾದರೆ ಬದಲಿಸುವುದಿಲ್ಲವಾದ್ದರಿಂದ ಸ್ಟ್ರಿಂಗ್‌ನ ಭಯವೂ ಅಷ್ಟಿಲ್ಲ.

ದುರ್ಗದಬೈಲ್_ಹಳಬ:

ಅದು ಸರಿ. ಅಲ್ಲಿ ನಾನೂ ಮರಿ ಕ್ಲಾಸನ್ನೇ ಬರೆಯುತ್ತೇನೆ.

ಕಾಟಾ_ಹುಬ್ಬಳ್ಳಿ:

ಮೂವರಿಗೂ ಧನ್ಯವಾದಗಳು. ಮೊದಲು ಇಟ್‌ಎಕ್ಸ್‌ಪ್ರ್ ಹಾಕಿ ನೋಡಿದೆ, 80,000 ಬಂತು. ಅದನ್ನು ಹಾಗೆಯೇ ಇಟ್ಟುಕೊಂಡು, ನಂತರ ಸೀರಿಯಲ್ ಪೋರ್ಟಿನ ಕೋಡನ್ನೆಲ್ಲ ‘ಕಾಟಾ’ ಇಂಟರ್‌ಫೇಸಿನ ಹಿಂದೆ ಸರಿಸಿದೆ. ಹಳೆಯ ಟೆಸ್ಟ್, ‘ತೂಕಓದು’ ಮೆಥಡ್ ಸಿಗಲಿಲ್ಲ ಎಂದು ಒಡೆಯಿತು, ಹೊಸದು ಅದೇ ಮೊತ್ತವನ್ನು ಕೊಟ್ಟಿತು, ಹಳೆಯದನ್ನು ಅಳಿಸಿದೆ. ‘ಪಟ್ಟಿಮಾಡು’ ಮೆಥಡ್‌ನ ಮೇಲಿದ್ದ ವರ್ಚುವಲ್ ಅನ್ನೂ ತೆಗೆದುಹಾಕಿದ್ದೇನೆ. ಇಡೀ ಪ್ರಾಜೆಕ್ಟಿನಲ್ಲಿ ಹುಡುಕಿದರೆ ಅದನ್ನು ಓವರ್‌ರೈಡ್ ಮಾಡಿದ ಕ್ಲಾಸ್ ಒಂದೂ ಇರಲಿಲ್ಲ.