ಮಹಾರಾಜರು ಪುಕ್ಕಟೆ ಕೊಟ್ಟ ದಂಡಿನ ಜಾಗಕ್ಕೆ ನಾವು ಯಾಕೆ ಬೆಲೆ ಕಟ್ಟಬೇಕು?

ಹಲಸೂರಿನವಳು:
ನಮ್ಮ ಮನೆ ಹತ್ತಿರದ ರಸ್ತೆ ತುಂಬಾ ಇಕ್ಕಟ್ಟು. ಒಂದು ಕಡೆ ಅಂಗಡಿ ಸಾಲು, ಇನ್ನೊಂದು ಕಡೆ ಮಿಲಿಟರಿ ಕಾಂಪೌಂಡು. ಗೋಡೆ ಬುಡದಲ್ಲಿ ಮೊಣಕಾಲೆತ್ತರದ ಗಡಿ ಕಲ್ಲಿದೆ. ಸುಣ್ಣ ಬಳಿದು ಬಳಿದು ನಂಬರೇ ಮುಚ್ಚಿಹೋಗಿತ್ತು. ಹೋದ ವಾರ ಕೀಲಿಯಿಂದ ಕೆರೆದು ನೋಡಿದೆ, 7 ಅಂತ ಕಾಣಿಸಿತು.

ಈ ಬೀದಿಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡಿದ್ದನ್ನು ಎರಡು ಸಲ ನೋಡಿದ್ದೇನೆ. ರಸ್ತೆ ಅಗಲ ಮಾಡಿ ಅಂತ ಅರ್ಜಿ ಹಿಡಿದು ಹೋದೆ. "ಸೇನೆಗೆ ಅಷ್ಟೇ ಬೆಲೆಯ ಜಾಗ ಬೇರೆ ಕಡೆ ಕೊಡಬೇಕು, ಇಲ್ಲಾ ದುಡ್ಡು ಕಟ್ಟಬೇಕು" ಅಂದರು. ಆದರೆ 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ಹಾಕಿದ ಷರತ್ತೇ ಬೇರೆ. ದಂಡಿಗೆ ಬೇಕಾದ ಜಾಗವನ್ನು ಮಹಾರಾಜರು ಪುಕ್ಕಟೆ ಕೊಡಬೇಕು, ಅದರ ಮೇಲಿನ ಅಧಿಕಾರವನ್ನೂ ಬಿಡಬೇಕು ಅಂತಿತ್ತು. ಕೊಟ್ಟವರೇ ಈಗ ಮತ್ತೆ ಬೆಲೆ ತೆರಬೇಕಾ?

ಹಳೇ ಸರ್ವೇಯರ್:
ಮೇಡಂ, ನಾನು ಮೂವತ್ತು ವರ್ಷ ಚೈನು ಎಳೆಸಿದವನು. ಇಲ್ಲಿ ಎರಡು ಲೆಕ್ಕ ಬೆರೆತಿವೆ: ಆಡಳಿತ ಯಾರದು, ಜಾಗ ಯಾರದು. 1947ರ ಜುಲೈನಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದರೆ ಬ್ರಿಟಿಷರ ಕೈಲಿದ್ದ ಬೆಂಗಳೂರಿನ ದಂಡು ಪ್ರದೇಶ, ಮೈಸೂರಿಗೆ ವಾಪಸ್ ಬಂತು. ಬಂದದ್ದು ಆಡಳಿತ. ಬ್ಯಾರಕ್ಕು, ಪರೇಡ್ ಮೈದಾನಗಳಲ್ಲಿ ಸೇನೆ ಹಾಗೇ ಉಳಿಯಿತು.

ಗಂಟು ಬಿದ್ದದ್ದು 1950ರಲ್ಲಿ. ಸಂವಿಧಾನದ 294ನೇ ವಿಧಿ ಬ್ರಿಟಿಷ್ ಸರ್ಕಾರದ ಆಸ್ತಿಯದು, 295 ಮೈಸೂರಿನಂಥ ಸಂಸ್ಥಾನಗಳ ಆಸ್ತಿಯದು. 295 ನೋಡುವುದು ಜಾಗ ಯಾವ ಕೆಲಸಕ್ಕಿದೆ ಅಂತ. ಕೇಂದ್ರದ ಕೆಲಸಕ್ಕಿದ್ದರೆ ಕೇಂದ್ರದ್ದು. ರಕ್ಷಣೆ ಕೇಂದ್ರದ ಕೆಲಸ ಅಲ್ವಾ? ಹಾಗಾಗಿ ಮೊದಲು ಯಾರು ಪುಕ್ಕಟೆ ಕೊಟ್ಟರು ಅನ್ನುವುದು ಬೆಲೆ ಕಟ್ಟುವಾಗ ಲೆಕ್ಕಕ್ಕೆ ಬರುವುದಿಲ್ಲ. ನನಗೂ ಇದು ಸರಿ ಅನಿಸುವುದಿಲ್ಲ.

ಬೆಳಗಾವಿ ಹುಡುಗ:
ಅಕ್ಕಾ, ಗಡಿ ಎಲ್ಲಿದೆ ಅಂತ ಮೊದಲು ದಾಖಲೆಯಲ್ಲಿ ನೋಡಿ. ನಮ್ಮಲ್ಲಿ ದಂಡು ಪ್ರದೇಶದ ಆಡಳಿತ ನೋಡುವ ಕಂಟೋನ್ಮೆಂಟ್ ಬೋರ್ಡ್ ಇದೆ, ಹಾಗಾಗಿ ಜಾಗದ ದಾಖಲೆ ಜನರಲ್ ಲ್ಯಾಂಡ್ ರಿಜಿಸ್ಟರ್‌ನಲ್ಲಿದೆ. ಬೆಂಗಳೂರಲ್ಲಿ ಬೋರ್ಡ್ ಇಲ್ಲ. ಕಂಟೋನ್ಮೆಂಟ್ ಹೊರಗಿನ ಸೇನೆಯ ಜಾಗ ಮಿಲಿಟರಿ ಲ್ಯಾಂಡ್ ರಿಜಿಸ್ಟರ್‌ನಲ್ಲಿ ಇರುತ್ತದೆ. ಸೇನೆಯ ಜಾಗದ ದಾಖಲೆ ನೋಡಿಕೊಳ್ಳುವ ಡಿಫೆನ್ಸ್ ಎಸ್ಟೇಟ್ಸ್ ಆಫೀಸಿನಲ್ಲಿ ಅದರ ನಕಲು ಕೇಳಿ.

ಹಳೇ ಸರ್ವೇಯರ್:
ಜೊತೆಗೆ ಹಳೇ ಗ್ರಾಮ ನಕ್ಷೆಯನ್ನೂ ತೆಗೆಸಿ. ಕಂದಾಯದವರ ಸರ್ವೆ ನಂಬರೂ ಸೇನೆಯ ರಿಜಿಸ್ಟರಿನ ನಂಬರೂ ತಾಳೆಯಾಗದಿದ್ದರೆ ಇಬ್ಬರೂ ಸೇರಿ ಅಳೆಯುವ ಜಂಟಿ ಸರ್ವೆ ಕೇಳಿ. ನಾಲ್ಕಡಿ ಆಚೀಚೆ ಆಗಿರುವುದನ್ನು ನಾನೇ ಅಳೆದು ನೋಡಿದ್ದೇನೆ. ನಿಮ್ಮ ರಸ್ತೆಗೆ ನಾಲ್ಕಡಿ ಸಿಕ್ಕರೂ ದೊಡ್ಡದು.

ಹಲಸೂರಿನವಳು:
ತುಂಬಾ ಥ್ಯಾಂಕ್ಸ್ ಸರ್. ಸೋಮವಾರವೇ ಅರ್ಜಿ ಹಾಕುತ್ತೇನೆ. ಅಷ್ಟರೊಳಗೆ 6ನೇ ಕಲ್ಲನ್ನೂ 8ನೇ ಕಲ್ಲನ್ನೂ ಹುಡುಕಿಡುತ್ತೇನೆ.